ನಾಲ್ಕು ಅಂಗೈ ರಬ್ಬರು

ಕಾರು ಕೊಳ್ಳುವವನಿಗೆ ಸಲಹೆ ಕೊಡುವವರು ಹತ್ತು ಮಂದಿಯಾದರೆ, ಆ ಕಾರಿಗೆ ಚಕ್ರ ಕೊಳ್ಳುವವನಿಗೆ ಸಲಹೆ ಕೊಡುವವರು ನಲವತ್ತು ಮಂದಿ. ಚಕ್ರ ನಾಲ್ಕಲ್ಲವೆ, ಲೆಕ್ಕ ಸರಿಯಾಗಿಯೇ ಇದೆ. ಎಂಜಿನ್ನು ಮುಚ್ಚಳದ ಕೆಳಗೆ ಅಡಗಿ ಕುಳಿತಿರುತ್ತದೆ; ಅದರ ವಿಚಾರ ಮಾತನಾಡಬೇಕಾದರೆ ಸ್ವಲ್ಪವಾದರೂ ತಿಳಿದಿರಬೇಕು. ಚಕ್ರವೋ ಬೀದಿಯಲ್ಲಿ ಹೋಗುವ ಎಲ್ಲರ ಕಣ್ಣಿಗೂ ಬೀಳುವ ವಸ್ತು. ಕಣ್ಣಿಗೆ ಬಿದ್ದದ್ದರ ಮೇಲೆ ಅಭಿಪ್ರಾಯ ಹೇಳುವ ಹಕ್ಕು ನಮ್ಮಲ್ಲಿ ಹಾಲು ಹಾಕುವವರಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಸರ್ವರಿಗೂ ಉಂಟು.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಇಂಥ ಕಾರು ಯಾತಕ್ಕೆ ಎಂಬ ಪ್ರಶ್ನೆ ಮೊದಲೇ ಇತ್ತು. ನನ್ನದು 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿ.ಟಿ. ನೋಡುವುದಕ್ಕೆ ಸಾಧುಪ್ರಾಣಿ. ಎಂಜಿನ್ನು 1.2 ಲೀಟರಿನಷ್ಟು ಪುಟ್ಟದು. ಆದರೆ ಟರ್ಬೊ ಎಂಬ ಊದುಕೊಳವೆ ಇರುವುದರಿಂದ 105 ಕುದುರೆಗಳ ಶಕ್ತಿ ಅದಕ್ಕೆ. ಭಾರತದಲ್ಲಿ ಅದರ ತಯಾರಿಕೆ 2022ರಲ್ಲಿ ನಿಂತುಹೋಯಿತಾದ್ದರಿಂದ ನನ್ನಂಥ ಪ್ರೇಮಿಗಳಿಗೆ ಹಳೆಯ ಗಾಡಿಯೇ ಗತಿ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರರೊಬ್ಬರು ವಿದೇಶದಲ್ಲಿ ನೆಲೆಸಿ, ಕಾರನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಲಗಿಸಿದ್ದರು. 2024ರ ಯುಗಾದಿಯ ಹೊತ್ತಿಗೆ ಅದು ನನ್ನ ಮನೆಗೆ ಬಂತು. ಹಳಗನ್ನಡ ಓದಿದವನು ವೇಗವನ್ನು ಪ್ರೀತಿಸಕೂಡದೆಂದು ಕೇಶಿರಾಜನು ಯಾವ ಸೂತ್ರದಲ್ಲಿಯೂ ಹೇಳಿಲ್ಲವಷ್ಟೆ. ದಿನವೂ ಮೈಸೂರಿನಿಂದ ಮಂಡ್ಯದ ಕಾಲೇಜಿಗೆ ಹೋಗಿಬರುವುದು ಸುಮಾರು 90 ಕಿಲೋಮೀಟರು. ರಜೆ ಬಂದರೆ ತೀರ್ಥಹಳ್ಳಿಯ ಕಡೆಯ ನನ್ನ ಹುಟ್ಟೂರು. ಸಂಸಾರವನ್ನೂ ಉತ್ತರಪತ್ರಿಕೆಯ ಕಟ್ಟನ್ನೂ ಹೊತ್ತು, ಏರು ಬಂದಾಗ ಎರಡನೆಯ ಗೇರಿಗೆ ಇಳಿದು ಅದು ಮುನ್ನುಗ್ಗುವ ಬಗೆಯನ್ನು ಬಲ್ಲವರೇ ಬಲ್ಲರು.

ಚಕ್ರದ ಪ್ರಶ್ನೆ ಎದ್ದದ್ದು ಆ ವರ್ಷದ ಜುಲೈ ತಿಂಗಳಿನಲ್ಲಿ. ಊರಿಗೆ ಹೊರಟಿದ್ದೆವು. ಮಲೆನಾಡಿನ ಮಳೆ, ಆಕಾಶಕ್ಕೂ ರಸ್ತೆಗೂ ನಡುವೆ ಅಂತರವೇ ಉಳಿದಿರಲಿಲ್ಲ. ವೇಗ 50ನ್ನು ಮುಟ್ಟಿರಲಿಲ್ಲ. ಒಂದು ತಿರುವಿನಲ್ಲಿ ರಸ್ತೆಯ ಮಧ್ಯೆ ಕರುವೊಂದು ನಿಂತು ಮಳೆಯನ್ನು ಅನುಭವಿಸುತ್ತಿತ್ತು. ಬ್ರೇಕು ಒತ್ತಿದೆ. ಪೆಡಲು ಕಾಲಿನ ಕೆಳಗೆ ಕಟಕಟನೆ ನಡುಗಿತು. ಕಾರು ಮಾತ್ರ ಸೋಪು ಹಚ್ಚಿದ ಬಚ್ಚಲ ಕಲ್ಲಿನ ಮೇಲಿಟ್ಟ ಚೊಂಬಿನಂತೆ ತನ್ನ ಪಾಡಿಗೆ ಜಾರುತ್ತಲೇ ಹೋಯಿತು. ಎಡಕ್ಕೆ ತಿರುಗಿಸಿದೆ. ಮುಂದಿನ ಚಕ್ರ ಮೋರಿಯ ಕಲ್ಲಿಗೆ ಬಡಿಯಿತು, ಕಾರು ನಿಂತಿತು. ಕರು ನಮ್ಮನ್ನೊಮ್ಮೆ ನೋಡಿ ನಿಧಾನವಾಗಿ ದಾಟಿತು. ಹಿಂದಿನ ಸೀಟಿನಲ್ಲಿ ನನ್ನಾಕೆ ಮಗಳ ಕೈಯನ್ನು ಹಿಡಿದುಕೊಂಡಿದ್ದಳು. ಮೋರಿಯಿಂದ ಆಚೆಗೆ ಹಳ್ಳ ಸುಮಾರು ಮೂರಾಳು ಆಳವಿತ್ತು. ಅದರ ವಿಚಾರ ನಾವು ಯಾರೂ ಆ ದಿನ ಮಾತನಾಡಲಿಲ್ಲ.

ಮೈಸೂರಿನಲ್ಲಿ ಟೈರಿನ ಅಂಗಡಿಗೇನು ಬರವೆ? ವಿಕ್ರಾಂತ್ ಟೈರು ಹುಟ್ಟಿದ ಊರು ಇದು. ನನಗೆ ಗೊತ್ತಿದ್ದ ಅಂಗಡಿಯ ಯಜಮಾನರು ಸೀಳಿದ ಅಲಾಯ್ ಚಕ್ರವನ್ನು ಒಮ್ಮೆ ನೋಡಿ ಬದಿಗಿಟ್ಟರು. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಸಾರ್, ಬಟನ್ ಚೆನ್ನಾಗೇ ಇದೆ. ಆದರೆ ಇದು ರಬ್ಬರ್ ಅಲ್ಲ, ಹಲಗೆ,” ಎಂದರು. ಆಮೇಲೆ ಟೈರಿನ ಪಕ್ಕೆಯಲ್ಲಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟು ಓದಿದರು: 0815. ಎಂದರೆ 2015ನೆಯ ಇಸವಿಯ 8ನೆಯ ವಾರದಲ್ಲಿ ತಯಾರಾದದ್ದು. ಓಡದೆ ನಿಂತ ಟೈರು ಸವೆಯುವುದಿಲ್ಲ. ಆದರೆ ಗಾಳಿಗೂ ಬಿಸಿಗೂ ಒಳಗೊಳಗೇ ಒಣಗಿ ಗಡಸಾಗುತ್ತದೆ. ಗಡಸಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯಲಾರದು. ಚಡಿಗಳ ಆಳವನ್ನು ನೋಡಿ ಅದರ ಯೌವನವನ್ನು ನಿರ್ಧರಿಸುವುದು, ಕೂದಲಿಗೆ ಬಣ್ಣ ಹಚ್ಚಿದವರ ವಯಸ್ಸನ್ನು ಊಹಿಸಿದಂತೆ.

ಟೈರಿನ ಪಕ್ಕೆ ಒಂದು ಶಾಸನವೆಂದು ನನಗೆ ತೋರಿದ್ದು ಆಗ. ಹಲ್ಮಿಡಿ ಶಾಸನದಲ್ಲಿ ಕಾಲ ಕೊಟ್ಟಿಲ್ಲವಾದ್ದರಿಂದ ವಿದ್ವಾಂಸರು ಅದನ್ನು ಕುರಿತು ಬಹುಕಾಲ ಚರ್ಚಿಸಿದರು. ಟೈರಿನ ಶಾಸನಕಾರನು ಆ ತೊಂದರೆಯನ್ನು ಉಳಿಸಿಲ್ಲ. ವರ್ಷವಿರಲಿ, ವಾರವನ್ನೇ ಕೆತ್ತಿದ್ದಾನೆ. ಉಳಿದ ಸಾಲನ್ನೂ ಓದಿದೆ: 185/60 ಆರ್ 15, 84 ಎಚ್. ಟೈರಿನ ಅಗಲ 185 ಮಿಲಿಮೀಟರು. ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ 60 ಪಾಲು, ಎಂದರೆ 111 ಮಿಲಿಮೀಟರು. ಆರ್ ಎಂದರೆ ರೇಡಿಯಲ್, ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟು ಪಡೆದ ಕಟ್ಟಡ. 15 ಎಂಬುದು ಒಳಗಿನ ಚಕ್ರದ ವ್ಯಾಸ, ಅಂಗುಲದಲ್ಲಿ. 84 ಎಂದರೆ ಒಂದು ಟೈರು 500 ಕಿಲೋಗ್ರಾಂ ಹೊರಬಲ್ಲುದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಡೆಯಬಲ್ಲುದು. ಒಂದು ಅಕ್ಷರ ವ್ಯರ್ಥವಿಲ್ಲ. ನಮ್ಮ ವಿದ್ಯಾರ್ಥಿಗಳು ಇಷ್ಟು ಅಡಕವಾಗಿ ಬರೆದರೆ ಮೌಲ್ಯಮಾಪನ ಎಷ್ಟು ಸುಖವಾದೀತು!

ಚಕ್ರ ಸೀಳಿತ್ತು, ಟೈರು ಹಲಗೆಯಾಗಿತ್ತು, ಎರಡನ್ನೂ ಕೊಳ್ಳಬೇಕು. ಸುದ್ದಿ ಹರಡಿದ ಕೂಡಲೆ ಸಲಹೆಗಾರರು ನೆರೆದರು. ಮೊದಲು ಬಂದವನು ಹಳೆಯ ಶಿಷ್ಯ. ಪರೀಕ್ಷೆಯಲ್ಲಿ ಛಂದಸ್ಸಿನ ಪ್ರಶ್ನೆಯನ್ನು ಸದಾ ಬಿಟ್ಟುಬಿಡುತ್ತಿದ್ದವನು ಈಗ ಕಾರು ಸಿಂಗರಿಸುವ ಅಂಗಡಿಗಳ ವಿಚಾರದಲ್ಲಿ ಪಾರಂಗತ.

“ಸಾರ್, ಜಿ.ಟಿ.ಗೆ ಹದಿನೈದು ಇಂಚು ಅಂದ್ರೆ ಅನ್ಯಾಯ. ಹದಿನೇಳು ಹಾಕ್ಸಿ. ಕಪ್ಪು ಬಣ್ಣ. ಗಾಡಿ ನಿಂತಿದ್ರೂ ಓಡ್ತಾ ಇದೆ ಅನ್ನಿಸುತ್ತೆ.”

ನಿಂತಾಗ ಓಡುತ್ತಿರುವಂತೆ ಕಾಣುವುದಕ್ಕಿಂತ ಓಡುವಾಗ ನಿಲ್ಲಿಸಲು ಬರುವುದು ನನಗೆ ಹೆಚ್ಚಿನದಾಗಿ ಕಂಡಿತ್ತು. ಆದರೆ ನನ್ನ ಮಗಳು ಶಿಷ್ಯನ ಪಕ್ಷ ಸೇರಿಬಿಟ್ಟಳು. “ಅಪ್ಪಾ, ಈಗಿರೋದು ದೊಡ್ಡವರ ಮೈಗೆ ಮಕ್ಕಳ ಚಪ್ಪಲಿ ಹಾಕಿದ ಹಾಗಿದೆ,” ಎಂದಳು. ನಿಜ ಹೇಳಬೇಕೆಂದರೆ ಆ ಕಪ್ಪು ಚಕ್ರಗಳು ಸುಂದರವಾಗಿಯೇ ಇದ್ದವು.

ಲೆಕ್ಕ ಹಾಕಿದೆ. ಚಕ್ರವನ್ನು 17 ಅಂಗುಲಕ್ಕೆ ಏರಿಸಿದರೂ ಟೈರಿನ ಹೊರಸುತ್ತು ಮೊದಲಿನಷ್ಟೇ ಇರಬೇಕು. ಇಲ್ಲವಾದರೆ ವೇಗಮಾಪಕ ಸುಳ್ಳು ಹೇಳುತ್ತದೆ, ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಹಾಗಾಗಿ ಶಿಷ್ಯ ಸೂಚಿಸಿದ್ದು 215/40 ಆರ್ 17. ಹೊರ ವ್ಯಾಸ ಎರಡಕ್ಕೂ ಸುಮಾರು 603 ಮಿಲಿಮೀಟರೇ. ಆದರೆ ಪಕ್ಕೆಯ ಎತ್ತರ 111ರಿಂದ 86ಕ್ಕೆ ಇಳಿಯುತ್ತದೆ. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎರಡು ಅಂಗುಲ ಬೆಳೆದರೆ, ಅದನ್ನು ತೆರುವುದು ಸುತ್ತಲಿನ ಗಾಳಿ. ತಿರುವಿನಲ್ಲಿ ಕುಗ್ಗದ ಗಿಡ್ಡ ಪಕ್ಕೆ ಕಾರನ್ನು ಚುರುಕಾಗಿ ತಿರುಗಿಸುತ್ತದೆ, ಒಣ ರಸ್ತೆಯಲ್ಲಿ ಅದು ಸುಖವೇ. ನಮ್ಮ ರಸ್ತೆಯ ಹೊಂಡಕ್ಕೆ ಬಿದ್ದಾಗ ಮಾತ್ರ ಪೆಟ್ಟನ್ನು ನುಂಗಲು ಗಾಳಿಯಿಲ್ಲದೆ ಚಕ್ರವೇ ಹೊಡೆತ ತಿನ್ನುತ್ತದೆ. ಉಕ್ಕಿನ ಚಕ್ರವಾದರೆ ಬಗ್ಗುತ್ತದೆ, ಬಡಿದು ನೆಟ್ಟಗೆ ಮಾಡಬಹುದು. ಎರಕದ ಅಲಾಯ್ ಸೀಳುತ್ತದೆ.

ಆ ಗಾಳಿಯ ಕಥೆಯೂ ಸ್ವಾರಸ್ಯವಾದದ್ದೆ. ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟು ಪಡೆದವನು ರಾಬರ್ಟ್ ಥಾಮ್ಸನ್, 1845ರಲ್ಲಿ. ಅದು ಬಳಕೆಗೆ ಬರದೆ ಮರೆತುಹೋಯಿತು. 1888ರ ಸುಮಾರಿಗೆ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಡನ್‌ಲಪ್ ಎಂಬ ಪಶುವೈದ್ಯ ಅದನ್ನು ಮತ್ತೆ ಕಂಡುಹಿಡಿದ. ಅವನ ಮುಂದಿದ್ದದ್ದು ಮೋಟಾರು ಕಾರಲ್ಲ, ತನ್ನ ಮಗನ ಮೂರು ಗಾಲಿಯ ಸೈಕಲ್ಲು. ಒರಟು ರಸ್ತೆಯಲ್ಲಿ ಮಗು ಕುಲುಕದಿರಲೆಂದು ತಂದೆಯೊಬ್ಬ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಸುತ್ತಿದ್ದರಿಂದ ಇಷ್ಟೆಲ್ಲ ಆಯಿತು. ಇದನ್ನು ಮಗಳಿಗೆ ಹೇಳಿದೆ. “ಆ ಹುಡುಗನಿಗೂ ಕಪ್ಪು ಚಕ್ರ ಬೇಕಾಗಿತ್ತೋ ಏನೋ, ಅವರಪ್ಪ ಕೇಳಿರಲ್ಲ,” ಎಂದಳು.

ಎರಡನೆಯ ಸಲಹೆಗಾರರು ಪಕ್ಕದ ಮನೆಯ ನಿವೃತ್ತ ಎಂಜಿನಿಯರು. “ಮೇಷ್ಟ್ರೇ, ಅಂದ ಬಿಡಿ, ತೂಕ ನೋಡಿ,” ಎಂದರು. ಸ್ಪ್ರಿಂಗಿನ ಮೇಲಿರುವ ಭಾರವನ್ನು ಸ್ಪ್ರಿಂಗು ಸಲಹುತ್ತದೆ. ಅದರ ಕೆಳಗಿರುವ ಚಕ್ರ, ಟೈರು, ಬ್ರೇಕುಗಳ ಭಾರವನ್ನು ಪ್ರತಿ ಹಳ್ಳದಿಣ್ಣೆಯಲ್ಲೂ ಎತ್ತಿ ಇಳಿಸಬೇಕು. ಚಕ್ರ ಹಗುರವಾದಷ್ಟೂ ಟೈರು ನೆಲ ಬಿಟ್ಟು ಹಾರದೆ ಅಂಟಿಕೊಂಡಿರುತ್ತದೆ. 1924ರಲ್ಲಿ ಬುಗಾಟಿಯ ಟೈಪ್ 35 ಎಂಬ ಪಂದ್ಯದ ಕಾರು ಎರಕದ ಅಲ್ಯೂಮಿನಿಯಮ್ ಚಕ್ರ ತೊಟ್ಟಿದ್ದು ಸೊಗಸಿಗೆ ಮಾತ್ರವಲ್ಲ. ಈ ತತ್ತ್ವವನ್ನು ಪರೀಕ್ಷಿಸಲು ನಾವಿಬ್ಬರೂ ಹಳೆಯ ಪೇಪರು ಕೊಳ್ಳುವವನ ತಕ್ಕಡಿಗೆ ಶರಣಾದೆವು. ನನ್ನ ಹಳೆಯ ಚಕ್ರ 8 ಕಿಲೋಗ್ರಾಂ ತೂಗಿತು. ಶಿಷ್ಯ ತಂದು ತೋರಿಸಿದ ಕಪ್ಪು ಚೆಲುವೆ 11. ತಕ್ಕಡಿಯವನು “ಸಾರ್, ಅಲ್ಯೂಮಿನಿಯಮ್ಮಿಗೆ ಒಳ್ಳೇ ರೇಟು ಇದೆ,” ಎಂದು ಆಸೆಯಿಂದ ನೋಡಿದ.

ಇಷ್ಟಾದ ಮೇಲೂ ಜಾತಕ ಕೂಡಬೇಕು. ಚಕ್ರದ ಮದುವೆ ಗಣಕೂಟ ನಾಡಿಕೂಟಗಳಿಗಿಂತ ಕಠಿಣವಾದದ್ದು. ನನ್ನ ಕಾರಿಗೆ ಐದು ಬೋಲ್ಟು, ಅವು ನಿಂತಿರುವುದು 100 ಮಿಲಿಮೀಟರು ವ್ಯಾಸದ ವೃತ್ತದ ಮೇಲೆ. ನಡುವಿನ ರಂಧ್ರ 57.1 ಮಿಲಿಮೀಟರು, ಕೊಂಡ ಚಕ್ರದ ರಂಧ್ರ ದೊಡ್ಡದಾದರೆ ಬಳೆ ತೊಡಿಸಿ ಅಂತರ ತುಂಬಬೇಕು, ಇಲ್ಲವಾದರೆ ಸ್ಟಿಯರಿಂಗು ನಡುಗುತ್ತದೆ. ಬೋಲ್ಟಿನ ಕುತ್ತಿಗೆಯೂ ಹೊಂದಬೇಕು: ಕಂಪನಿಯ ಚಕ್ರಕ್ಕೆ ಅದು ಗುಂಡಗೆ, ಹೊರಗಿನ ಚಕ್ರಗಳಿಗೆ ಬಹುಮಟ್ಟಿಗೆ ಶಂಕುವಿನಂತೆ ಚೂಪು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಿಗಿದರೆ ಕೈಗೆ ಬಿಗಿಯಾದಂತೆಯೇ ತೋರುತ್ತದೆ. ಆದರೆ ಕುಳಿತಿರುವುದು ಒಂದು ಸಣ್ಣ ಅಂಚಿನ ಮೇಲೆ, ಓಡುತ್ತ ಓಡುತ್ತ ಸಡಿಲವಾಗುತ್ತದೆ. ಸಿಂಗಾರದ ಅಂಗಡಿಯೊಂದರಲ್ಲಿ 112 ಮಿಲಿಮೀಟರು ವೃತ್ತದ ಚಕ್ರವನ್ನು ತೋರಿಸಿ, “ಅಡ್ಜಸ್ಟ್ ಮಾಡಿಕೊಡ್ತೀವಿ ಸಾರ್,” ಎಂದರು. ನಮ್ಮ ನಾಡಿನಲ್ಲಿ ಆ ಒಂದು ಇಂಗ್ಲಿಷ್ ಪದ ಮಾಡಿರುವ ಕೆಲಸ ಅಷ್ಟಿಷ್ಟಲ್ಲ. ಬಸ್ಸಿನ ಸೀಟಿನಲ್ಲಿ ಅದು ಸದ್ಗುಣ. ಚಕ್ರದ ಬೋಲ್ಟಿನಲ್ಲಿ ಅಲ್ಲ. ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬೇರೆ ಹೇಳುತ್ತದೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದ. ಸೊಂಟದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರೆ ನಗೆಗೀಡಾಗುತ್ತಾರೆಂಬುದು ಅವನ ವಾದ. ಇದನ್ನು ತರಗತಿಯಲ್ಲಿ ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ಕಾರಿನಲ್ಲಿ ಅಲಂಕಾರ ಯಾವುದು, ಜೀವ ಯಾವುದು ಎಂದು ಕೇಳಿಕೊಂಡರೆ ಉತ್ತರ ಸುಲಭ. ಒಂದು ಟನ್ನಿಗೂ ಮಿಗಿಲಾದ ಕಾರು, ಅದರೊಳಗೆ ನನ್ನ ಹೆಂಡತಿ, ಮಗಳು, ನಾನು. ಇಷ್ಟೆಲ್ಲ ನೆಲಕ್ಕೆ ತಾಗುವುದು ನಾಲ್ಕೇ ಕಡೆ, ಒಂದೊಂದು ಕಡೆ ಸುಮಾರು ಒಂದು ಅಂಗೈಯಷ್ಟು ರಬ್ಬರು. 105 ಕುದುರೆಗಳು ಎಳೆಯುವುದೂ ಆ ಅಂಗೈಯ ಮೂಲಕ. ಬ್ರೇಕು ತಡೆಯುವುದೂ ಅದರ ಮೂಲಕವೇ. ಬ್ರೇಕು ಚಕ್ರವನ್ನು ನಿಲ್ಲಿಸಬಲ್ಲುದೇ ಹೊರತು ಕಾರನ್ನಲ್ಲ. ಕಾರನ್ನು ನಿಲ್ಲಿಸಬೇಕಾದದ್ದು ರಬ್ಬರು.

ಅಂಗಡಿಯ ಯಜಮಾನರು ಎರಡು ಬಗೆಯ ಟೈರು ತೋರಿಸಿದರು. “ಇದು ಅರವತ್ತು ಸಾವಿರ ಕಿಲೋಮೀಟರ್ ಬರುತ್ತೆ ಸಾರ್. ಇದು ನಲವತ್ತು ಬಂದರೆ ಹೆಚ್ಚು, ಆದರೆ ಮಳೇಲಿ ಹಿಡಿಯುತ್ತೆ. ರೇಟೂ ಜಾಸ್ತಿ.” ಹೆಚ್ಚು ಕಾಲ ಬಾಳುವ ರಬ್ಬರಿಗೆ ಗಡಸುತನ ಬೇಕು, ಹಿಡಿಯುವ ರಬ್ಬರಿಗೆ ಮೆದುತನ, ಎರಡನ್ನೂ ಒಂದರಲ್ಲಿ ಪೂರ್ತಿಯಾಗಿ ಕೊಡುವ ವಿದ್ಯೆ ಇನ್ನೂ ಸಿದ್ಧಿಸಿಲ್ಲ. ದಿನಕ್ಕೆ 90 ಕಿಲೋಮೀಟರು ಓಡುವವನಿಗೆ ಆ ಇಪ್ಪತ್ತು ಸಾವಿರದ ವ್ಯತ್ಯಾಸ ಸಣ್ಣದಲ್ಲ. ಒಂದು ವರ್ಷದ ಓಡಾಟ ಅದು. ನನ್ನಾಕೆ ಜೊತೆಗಿದ್ದಳು. ಮಾತಿನಲ್ಲಿ ಅವಳು ಜಿಪುಣಿ. ಅಂದು ಇನ್ನೂ ಜಿಪುಣಿಯಾದಳು. “ಮಳೇದು,” ಎಂದಳು, ಅಷ್ಟೆ.

ಹೀಗೆ ಕೊನೆಗೆ ಕೊಂಡದ್ದು, 15 ಅಂಗುಲದ್ದೇ ಆದರೂ ಏಳು ಕಿಲೋಗ್ರಾಮಿಗೆ ಇಳಿದ ಹಗುರ ಚಕ್ರಗಳು, ಬೂದು ಬಣ್ಣದವು. ಅದೇ 185/60ರ ಅಳತೆಯ ಟೈರುಗಳು, ತಯಾರಾಗಿ ಇನ್ನೂ ಐದು ವಾರವಾಗಿದ್ದಂಥವು. ಬೋಲ್ಟುಗಳನ್ನು ಅಳತೆಯ ಪಾನದಿಂದ 120 ನ್ಯೂಟನ್ ಮೀಟರಿಗೆ ಬಿಗಿಸಿದೆವು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುವುದರಿಂದ ಮೊದಲ ಮುನ್ನೂರು ಕಿಲೋಮೀಟರು ಮೆಲ್ಲನೆ ಓಡಿಸಿದೆ. ಚಕ್ರ ಬದಲಾಯಿಸಿದ್ದು ಕಾಲೇಜಿನಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಶಿಷ್ಯ ಮಾತ್ರ ಬಂದು ಸುತ್ತ ನೋಡಿ, “ಚೆನ್ನಾಗಿದೆ ಸಾರ್,” ಎಂದ. ಸಾವಿನ ಮನೆಯಲ್ಲಿ ಆಡುವ ಧ್ವನಿ ಅದು.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಮಗಳಿಗೆ ಈಗ ಹದಿನೆಂಟು ತುಂಬಿ ಲೈಸೆನ್ಸು ಬಂದಿದೆ. 2025ರ ಮಳೆಗಾಲದಲ್ಲಿ ಊರಿಗೆ ಹೋಗುವಾಗ ಶಿವಮೊಗ್ಗದಿಂದ ಆಚೆಗೆ ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ ಕುಳಿತು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಮುಂದಿನ ಜೀಪು ಸೂಚನೆಯಿಲ್ಲದೆ ನಿಂತಿತು. ಅವಳು ಬ್ರೇಕು ಹಾಕಿದಳು. ಕಾರು ನೆಟ್ಟಗೆ ನಿಂತಿತು. ಜೀಪಿಗೂ ನಮಗೂ ನಡುವೆ ಎರಡು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು. ಅವಳಿಗೆ ಅದು ವಿಶೇಷವಾಗಿ ತೋರಲಿಲ್ಲ. ಬ್ರೇಕು ಒತ್ತಿದರೆ ಕಾರು ನಿಲ್ಲುತ್ತದೆ, ಅದರಲ್ಲೇನು? ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ. ನನ್ನಾಕೆ ನಿದ್ದೆ ಮಾಡುತ್ತಿದ್ದಳು.

ಊರು ಮುಟ್ಟಿ ಇಳಿದ ಮೇಲೆ ಮಗಳು ದೂರ ನಿಂತು ಕಾರನ್ನು ನೋಡಿ, “ಏನೇ ಹೇಳಪ್ಪಾ, ಚಕ್ರ ಚಿಕ್ಕದೇ,” ಎಂದಳು. ನಾನು ಒಪ್ಪಿಕೊಂಡೆ.