ಫ್ಯಾನಿನ ಧೂಳು, ಬಯಾಸಿನ ಬೀಗ

ನಮ್ಮದು ಕಡಲ ದಂಡೆಯ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲೂಕು, ಈಗ ಕುಕನೂರು. ಅಲ್ಲಿಂದ ದಿನಾ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತೆ. ಆಗ ಬರುತ್ತಿದ್ದುದು ಪೆಂಟಿಯಂ 4ರ ಡಬ್ಬಗಳು. ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದಕ್ಕೆ ಬೆಸುಗೆ ಹಾಕುವುದು, ರ‍್ಯಾಮಿನ ಅಂಚನ್ನು ರಬ್ಬರಿನಿಂದ ಉಜ್ಜುವುದು. ಕೈ ಮತ್ತು ಕಣ್ಣು ಚುರುಕಿದ್ದರೆ ಸಾಕಿತ್ತು.

ಲ್ಯಾಪ್‌ಟಾಪ್ ಬಂದ ಮೇಲೂ ಕಣ್ಣಿಗೆ ಕೆಲಸವಿತ್ತು. ಫ್ಯಾನ್ ಬಿಚ್ಚಿದರೆ ಯಾವ ಕಡೆಯದೆಂದು ಧೂಳೇ ಹೇಳುತ್ತಿತ್ತು. ಗಂಗಾವತಿಯ ರೈಸ್ ಮಿಲ್ಲಿನದಾದರೆ ತೌಡಿನ ಪುಡಿ, ಗಿಣಿಗೇರಿಯ ಕಾರ್ಖಾನೆಗಳ ಕಡೆಯದಾದರೆ ಕರಿ ಮಸಿ, ನಮ್ಮೂರಿನದಾದರೆ ಎರೆಮಣ್ಣು.

2020ರ ಮೇ ತಿಂಗಳು. ಕಾಲೇಜು ಮುಚ್ಚಿ ಊರಿಗೆ ಬಂದಿದ್ದ ಹುಡುಗನೊಬ್ಬ ಗೇಮಿಂಗ್ ಲ್ಯಾಪ್‌ಟಾಪ್ ತಂದ. ಇಂಟೆಲ್ ಐ7-9750ಎಚ್, ಆರು ಕೋರ್. “ಅಣ್ಣಾರ, ಹತ್ತು ನಿಮಿಷ ಆಡಿದ್ರ ಕೈ ಇಡಾಕ ಬರಂಗಿಲ್ರಿ, ಸ್ಪೀಡೂ ಬಿದ್ದ ಹೊಕ್ಕೈತ್ರಿ” ಅಂದ. ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. 97 ಡಿಗ್ರಿ ಇದ್ದದ್ದು 92ಕ್ಕೆ ಬಂತು, ಅಷ್ಟೇ.

ಉಳಿದದ್ದು ವೋಲ್ಟೇಜ್. ಎಲ್ಲ ಚಿಪ್ಪುಗಳೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಕಂಪನಿಯವರು ಅಗತ್ಯಕ್ಕಿಂತ ತುಸು ಹೆಚ್ಚೇ ಕೊಟ್ಟಿರುತ್ತಾರೆ. ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಶೇ. 10 ಇಳಿಸಿದರೆ ಪ್ರೊಸೆಸರ್ ಓಡಲು ಬೇಕಾಗುವ ವಿದ್ಯುತ್ ಸುಮಾರು ಶೇ. 19 ಇಳಿಯುತ್ತದೆ, ಬಿಸಿಯೂ ಅದರ ಹಿಂದೆ ಇಳಿಯುತ್ತದೆ. ವೋಲ್ಟೇಜ್ ಇಳಿಸುವ ‘ಥ್ರಾಟಲ್‌ಸ್ಟಾಪ್’ ಎಂಬ ತಂತ್ರಾಂಶ ತೆರೆದು ಕೋರಿಗೂ ಕ್ಯಾಶಿಗೂ ಒಂದೇ ಅಳತೆ ಕೊಟ್ಟೆ. 150 ಮಿಲಿವೋಲ್ಟ್ ಕಡಿಮೆ ಮಾಡಿದ ಕೂಡಲೇ ನೀಲಿ ಪರದೆ. 125ಕ್ಕೆ ಆಟವೆಲ್ಲ ಸರಾಗ ಓಡಿತು. ಆಟ ಮುಚ್ಚಿ ಸುಮ್ಮನೆ ಬಿಟ್ಟಾಗ ನಿಂತುಹೋಯಿತು. ಭಾರ ಹೊತ್ತಾಗ ತಡೆದುಕೊಂಡದ್ದು ಭಾರ ಇಳಿಸಿದಾಗ ಬೀಳುತ್ತದೆಂದು ಅವತ್ತು ಕಣ್ಣಾರೆ ಕಂಡೆ. 100ಕ್ಕೆ ಎರಡು ದಿನ ಅಲುಗಲಿಲ್ಲ. 84 ಡಿಗ್ರಿ. ಸ್ಕ್ರೂಡ್ರೈವರ್ ಮುಟ್ಟದೆ ಅಷ್ಟು ದೊಡ್ಡ ರಿಪೇರಿ ಮಾಡಿದ್ದು ಅದೇ ಮೊದಲು.

ದೀಪಾವಳಿ ಹೊತ್ತಿಗೆ ಅದೇ ಲ್ಯಾಪ್‌ಟಾಪ್ ಮತ್ತೆ ಕುದಿಯುತ್ತ ಬಂತು. ಹುಡುಗ ಬಯಾಸ್ ಅಪ್‌ಡೇಟ್ ಮಾಡಿಕೊಂಡಿದ್ದ. ನಾನು ಕೊಟ್ಟ ಅಂಕಿ ಪರದೆಯ ಮೇಲಿತ್ತು, ಚಿಪ್ಪು ಮಾತ್ರ ಒಪ್ಪುತ್ತಿರಲಿಲ್ಲ: ಬೀಗ ಬಿದ್ದಿತ್ತು. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಲೂವೆನ್, ಗ್ರಾಝ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಪ್ಲಂಡರ್‌ವೋಲ್ಟ್’ ಎಂಬ ದೋಷ ಬಯಲಿಗಿಟ್ಟಿದ್ದರು. ವೋಲ್ಟೇಜನ್ನು ಬೇಕೆಂದೇ ಇಳಿಸಿ, ಚಿಪ್ಪು ಲೆಕ್ಕ ತಪ್ಪುವಂತೆ ಮಾಡಿ, ಅದರೊಳಗೆ ಕಾಪಿಟ್ಟ ಗುಪ್ತ ಕೀಲಿಗಳನ್ನು ಕದಿಯಬಹುದಿತ್ತು. ಅದಕ್ಕೇ ಈ ಬೀಗ. ಕಾರಣ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಆಟವಾಡುವ ಹುಡುಗನ ಯಂತ್ರಕ್ಕೆ ಆ ಬೀಗ ಬೇಕೋ ಬೇಡವೋ ಎಂದು ಅವನನ್ನೊಂದು ಮಾತು ಕೇಳಬೇಕಿತ್ತು. ದುಡ್ಡು ಕೊಟ್ಟವನು ಅವನು.

ಈಗ ನನ್ನ ಮೇಜಿನ ಮೇಲೆ ಮತ್ತೆ ಬ್ರಷ್ಷು, ಪೇಸ್ಟು. ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರಿದ್ದರೆ, ವೋಲ್ಟೇಜ್ ಇಳಿಸಲು ಬಯಾಸ್ ಬಿಡುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 40 ಡಿಗ್ರಿ ಇರುತ್ತದೆ.