ಗೋಡೆಯೊಳಗಿನ ನೀರು

ಬಯಲುಸೀಮೆಯ ಜನ ನೀರನ್ನು ಅರಸಿಕೊಂಡು ಹೋಗುವುದು ಲೋಕರೂಢಿ. ತುಂಗಭದ್ರೆಯ ಕಾಲುವೆಗಳ ನಡುವೆ ಬದುಕುವ ನಮ್ಮನ್ನಾದರೋ ನೀರೇ ಅರಸಿಕೊಂಡು ಬರುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಮುಗಿದ ಮೇಲೆ ಹೊಸ ಕಾಲುವೆಗಳೂ ಕೂಡಿಕೊಂಡವು. ಕಂಪ್ಲಿಯ ಭತ್ತದ ಗದ್ದೆಗಳಿಗೆ ಅದು ಭಾಗ್ಯವೇ ಸರಿ. ಗದ್ದೆಯ ಮಗ್ಗುಲಿನ ಮನೆಯ ಗೋಡೆಗಳನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಕಂಪ್ಲಿಯ ನನ್ನ ಸೋದರಮಾವನವರ ಮನೆಯಲ್ಲಿ ಹಿಂಬದಿಯ ಕೋಣೆಯೊಂದಿದೆ. ಪ್ರತಿ ದೀಪಾವಳಿಗೂ ಅದಕ್ಕೆ ಬಣ್ಣ ಬಳಿಸುವರು. ಯುಗಾದಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಏಳುವುದು. ಶ್ರಾವಣದಲ್ಲಿ ಕಪ್ಪು ಬೂಷ್ಟು ಹಬ್ಬುವುದು. ಉಬ್ಬಸದ ನಮ್ಮ ಅತ್ತೆಯವರ ಮಂಚವೂ ಆ ಕೋಣೆಯಲ್ಲಿಯೇ. ಮಳೆಗಾಲದ ರಾತ್ರಿಗಳನ್ನು ಅವರು ಕುಳಿತೇ ಕಳೆಯುತ್ತಿದ್ದರು. ಕಳೆದ ವರ್ಷ ಮಗಳ ಮದುವೆಗೆಂದು ಮಾವನವರು ಬೆಲೆಬಾಳುವ ಬಣ್ಣ ತರಿಸಿದಾಗ, ಸಂಡೂರಿನಿಂದ ಬಂದ ವೃದ್ಧ ಗೌಂಡಿಯೊಬ್ಬರು, "ಯಜಮಾನ್ರ, ರೋಗ ಯಾವುದಂತ ತಿಳೀದೆ ಮುಖಕ್ಕ ಪೌಡರ್ ಹಚ್ಚಿದ್ರ ಹೆಂಗ್ರೀ?" ಎಂದರು.

ಅವರ ಪರೀಕ್ಷೆ ಸರಳವಾದುದು. ಬೆರಳಗೆಣ್ಣಿನಿಂದ ಗೋಡೆಯನ್ನು ತಟ್ಟಿದರು. ಟೊಳ್ಳು ದನಿ ಬಂದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿತ್ತು. ಬಣ್ಣ ಕೆರೆದ ಜಾಗಕ್ಕೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಹೊಂದಿಸಿ, ನಾಲ್ಕಂಚನ್ನೂ ಅಂಟುಪಟ್ಟಿಯಿಂದ ಮುಚ್ಚಿ, ಎರಡು ದಿನ ಬಿಟ್ಟರು. ಹಾಳೆಯ ಹೊರಮೈಯಲ್ಲಿ ಹನಿಗೂಡಿದರೆ ಅದು ಕೋಣೆಯ ಗಾಳಿಯ ತೇವ. ಒಳಮೈಯಲ್ಲಿ ಹನಿಗೂಡಿದರೆ ಗೋಡೆಯೊಳಗಿನ ನೀರು. ಹನಿಗಳು ಒಳಮೈಯಲ್ಲಿದ್ದವು.

ಪಟ್ಟಣಗಳಲ್ಲಿ ಎರಡು ಮುಳ್ಳುಗಳ ಮೀಟರು ಬಳಕೆಯಲ್ಲಿದೆ. ಒದ್ದೆಯ ಗೋಡೆಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದನ್ನು ಅದು ಅಳೆಯುತ್ತದೆ. ಗೋಡೆಯಲ್ಲಿ ಉಪ್ಪು ಸೇರಿದ್ದರೂ ಅಂಕಿ ಏರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ, ಕಣ್ಣೂ ಬೇಕು. ತೇವದ ಗೆರೆ ನೆಲದಿಂದ ಸುಮಾರು 3 ಅಡಿಯೊಳಗೆ ನಿಂತು, ಮೇಲಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿದ್ದರೆ, ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಬುಡದಿಂದ ಏರುತ್ತಿರುವ ಲಕ್ಷಣ. ಮಾವನವರ ಮನೆಯ ಹೊರಗೆ ಓಣಿಯ ಮಣ್ಣು ವರ್ಷವರ್ಷವೂ ಬೆಳೆದು, ಒಳಗಿನ ನೆಲಕ್ಕಿಂತ ಒಂದಡಿ ಎತ್ತರವಾಗಿತ್ತು.

ಹಂಪಿಯ ಕಲ್ಲಿಗೂ ನೀರಿನ ಕಾಟ ತಪ್ಪಿಲ್ಲ. ನೆಲಮಟ್ಟಕ್ಕಿಂತ ತಗ್ಗಿನಲ್ಲಿರುವ ಪ್ರಸನ್ನ ವಿರೂಪಾಕ್ಷ ಗುಡಿಯಲ್ಲಿ ನೀರು ನಿಲ್ಲುವುದನ್ನು ಯಾತ್ರಿಕರು ಕಂಡಿದ್ದಾರೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಾಲಯದ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದುಬಿತ್ತು. ಕಲ್ಲಿನ ಪಾಡೇ ಹೀಗಿರುವಾಗ ಇಟ್ಟಿಗೆಯ ಮಾತೇನು?

ಮಾವನವರು ಬಣ್ಣದ ಡಬ್ಬಿಗಳನ್ನು ಹಿಂದಿರುಗಿಸಿ, ಹೊರಗಿನ ಮಣ್ಣು ತೆಗೆಸಿ, ಸಿಮೆಂಟನ್ನು ಕೆತ್ತಿಸಿ, ತೇವ ಹೊರಹೋಗುವಂತೆ ಸುಣ್ಣದ ಗಾರೆ ಹಾಕಿಸಿದರು. ಅತ್ತೆಯವರ ಮಂಚ ಪಡಸಾಲೆಗೆ ಬಂದಿತು. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಬಣ್ಣವಿಲ್ಲದ ಕೋಣೆಯನ್ನು ಕಂಡು ಬೀಗರು ಏನೆಂದುಕೊಂಡರೋ! ಅತ್ತೆಯವರು ಮಾತ್ರ ಆ ಶ್ರಾವಣದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದರು.