ದಾರಿಯ ಪಕ್ಕದ ಒಡವೆ

ಊರಿಗೆ ಹೋಗುವುದೆಂದರೆ ಈಗ ಊರನ್ನು ಮುಟ್ಟುವುದೆಂದೇ ಅರ್ಥವಾಗಿದೆ; ನಡುವಣ ದಾರಿಯು ಲೆಕ್ಕಕ್ಕಿಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರು. ಬಂಧುಗಳ ಮನೆಯ ಶುಭಕಾರ್ಯಗಳಿಗೆಂದು ನಾವು ವರ್ಷಕ್ಕೆ ನಾಲ್ಕಾರು ಬಾರಿ ಹೋಗಿಬರುವ ಹಾದಿ ಅದು. ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಆ ಹಾದಿಯ ಒಂದೊಂದು ಗುಡ್ಡವೂ, ಒಂದೊಂದು ಬಾವಿಯೂ ಪರಿಚಿತವಾಗಿದ್ದುವು. ನಮ್ಮ ಮಕ್ಕಳಿಗಾದರೋ ಕಿಟಕಿಯಾಚೆ ಹಿಂದಕ್ಕೋಡುವ ಬತ್ತದ ಗದ್ದೆಗಳಷ್ಟೇ ಗೊತ್ತು.

ಇದು ನಮ್ಮಲ್ಲಿ ಮಾತ್ರ ಆದುದಲ್ಲ. ಅಮೆರಿಕಾ ದೇಶದಲ್ಲಿ ಷಿಕಾಗೋ ಪಟ್ಟಣದಿಂದ ಪಶ್ಚಿಮ ಸಮುದ್ರದ ಕಡೆಗೆ ಹೋಗುವ 66ನೆಯ ಸಂಖ್ಯೆಯ ಹೆದ್ದಾರಿಯೊಂದು 1926ರಲ್ಲಿ ಏರ್ಪಟ್ಟಿತು. ಅದರ ಇಕ್ಕೆಲಗಳಲ್ಲಿ ಊಟದ ಮನೆಗಳು, ತಂಗುಮನೆಗಳು, ಪ್ರಯಾಣಿಕರನ್ನು ನಿಲ್ಲಿಸಿ ನಗಿಸುವ ವಿಚಿತ್ರಾಕಾರದ ಬೊಂಬೆಗಳು ಹುಟ್ಟಿಕೊಂಡುವು. ಮುಂದೆ ಅಗಲವಾದ ಹೊಸ ರಸ್ತೆಗಳು ಆ ಊರುಗಳನ್ನು ಬಳಸಿಕೊಂಡು ಹೋಗಲು, 1985ರಲ್ಲಿ ಹಳೆಯ ಹೆದ್ದಾರಿಯ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಿದರು. ಆಗ ಅಲ್ಲಿಯ ನಿವಾಸಿಗಳು ಸುಮ್ಮನಿರಲಿಲ್ಲ. ಸಂಘಗಳನ್ನು ಕಟ್ಟಿಕೊಂಡು ಅಳಿದುಳಿದುದನ್ನು ಕಾಪಾಡತೊಡಗಿದರು; 1999ರಲ್ಲಿ ಆ ಕಾರ್ಯಕ್ಕೆ ನೆರವಾಗಲು ಸರಕಾರವು ಶಾಸನವನ್ನೇ ಮಾಡಿತು. ತಮ್ಮ ಅಜ್ಜಂದಿರ ಕಾಲದ ಪೆಟ್ರೋಲು ಅಂಗಡಿಯನ್ನೂ ಅವರು ಒಡವೆಯೆಂದು ಎಣಿಸುವಾಗ, ನಮ್ಮ ದಾರಿಯ ಪಕ್ಕದಲ್ಲಿ ಏನೇನಿದೆ ಎಂಬುದನ್ನು ನಾವೂ ಒಮ್ಮೆ ಎಣಿಸಿ ನೋಡಬೇಡವೇ?

ಬಳ್ಳಾರಿಯ ಕೋಟೆಯನ್ನು ಅರಿಯದವರಿಲ್ಲ. ಮೇಲುಕೋಟೆ ಹನುಮಪ್ಪನಾಯಕನದು, ಕೆಳಕೋಟೆ ಹೈದರಾಲಿಯದು. ಆದರೆ ಊರಿನ ಈಶಾನ್ಯಕ್ಕೆ ಸಂಗನಕಲ್ಲು, ಕಪ್ಪಗಲ್ಲುಗಳ ಬಳಿಯಿರುವ ಗುಡ್ಡಗಳನ್ನು ಹತ್ತಿದವರು ಎಷ್ಟು ಮಂದಿ? ಸುಮಾರು 4000 ವರ್ಷಗಳ ಹಿಂದೆ ಅಲ್ಲಿ ಜನರು ದನ ಕಾಯ್ದರು, ಕರಿಯ ಕಲ್ಲಿನಿಂದ ಕೊಡಲಿಗಳನ್ನು ಮಾಡಿದರು. ಬಂಡೆಗಳ ಮೇಲೆ ಡುಬ್ಬದ ಗೂಳಿಗಳ ಚಿತ್ರಗಳನ್ನು ಕುಟ್ಟಿದರು. ಬಡಿದರೆ ಗಂಟೆಯಂತೆ ನಾದಗೈಯುವ ಕಲ್ಲುಗಳೂ ಅಲ್ಲಿವೆ. ಆ ಚಿತ್ರಗಳ ವಿಚಾರವನ್ನು ಫಾಸೆಟ್ ಎಂಬ ಆಂಗ್ಲ ಅಧಿಕಾರಿಯು 1892ರಷ್ಟು ಹಿಂದೆಯೇ ಬರೆದು ಪ್ರಕಟಿಸಿದನು.

ಕುರುಗೋಡು ಬಳ್ಳಾರಿಗೆ ಸುಮಾರು 28 ಕಿಲೋಮೀಟರು ದೂರ. ಸಿಂದ ಮನೆತನದ ಅರಸರು ಆಳಿದ ಊರದು. ಗುಡ್ಡದ ಬುಡದಲ್ಲಿ ಚಾಲುಕ್ಯರ ಕಾಲದ ಗುಡಿಗಳ ಸಾಲೇ ಇದೆ. ಅಲ್ಲಿಯ ದೊಡ್ಡಬಸವೇಶ್ವರನ ಗುಡಿಯಲ್ಲಿ ಆಳೆರಡರ ಎತ್ತರದ ಏಕಶಿಲೆಯ ಬಸವನನ್ನು ನೋಡಿದವರು ಮರೆಯಲಾರರು. ಸಿರುಗುಪ್ಪದ ಹಾದಿಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲೆಗಳನ್ನು 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾಯರು ಅಗೆದು ತೋರಿಸಿದರು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳಗಳ ಬಂಡೆಗಳ ಮೇಲೆ ಸಾಕ್ಷಾತ್ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಇವು ಬೆಳಕಿಗೆ ಬಂದುದು 1970ರ ದಶಕದ ಕೊನೆಯಲ್ಲಿ. ಅಶೋಕನ ಶಾಸನಗಳು ನಾಡಿನ ಹಲವೆಡೆ ಇದ್ದರೂ ಅವನ ಹೆಸರನ್ನೇ ಹೇಳುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇವೆರಡೂ ಸೇರಿವೆ. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದೆನು, ಬಾವಿಗಳನ್ನು ತೋಡಿಸಿದೆನು ಎಂದು ಬೇರೊಂದೆಡೆ ಕೆತ್ತಿಸಿದ ದೊರೆಯ ಮಾತು ನಮ್ಮ ದಾರಿಯ ಬದಿಯಲ್ಲಿಯೇ ಇರುವುದು ಎಷ್ಟು ಚೆನ್ನಾಗಿದೆ!

ಇವುಗಳಲ್ಲಿ ಕುರುಗೋಡಿನ ಬಸವನ ವಿಷಯದಲ್ಲಿ ನಮಗೆ ಭಯವಿಲ್ಲ. ಆತನಿಗೆ ದೀಪ ಹಚ್ಚುವವರಿದ್ದಾರೆ, ತೇರು ಎಳೆಯುವವರಿದ್ದಾರೆ. ಹೂವು ಕಾಯಿ ಕಾಣದ ಕಲ್ಲುಗಳದೇ ಚಿಂತೆ. ರಸ್ತೆಗೆ ಜಲ್ಲಿ ಬೇಕು. ಜಲ್ಲಿಗೆ ಗುಡ್ಡ ಬೇಕು. ಕಪ್ಪಗಲ್ಲಿನ ಸುತ್ತಿನ ಗುಡ್ಡಗಳಲ್ಲಿ ಕಲ್ಲು ಒಡೆಯುವ ಕೆಲಸದಿಂದ ಹಳೆಯ ನೆಲೆಗಳು ಕೆಲಮಟ್ಟಿಗೆ ಹಾಳಾದುವು. ನಾವು ಬೇಗನೆ ಊರು ಸೇರಲೆಂದು ಮಾಡುವ ರಸ್ತೆಯು ದಾರಿಯ ಪಕ್ಕದ ಚರಿತ್ರೆಯನ್ನೇ ನುಂಗುವುದುಂಟು.

ಈ ಮಾತನ್ನು ನಾವು ಒಮ್ಮೆ ಮನೆಯಲ್ಲಿ ಆಡಿದಾಗ ನಮ್ಮ ಅಕ್ಕನವರು, "ಅಲ್ಲಪ್ಪಾ, ಕಲ್ಲಿಗಾಗಿ ಇಷ್ಟು ಮರುಗುತ್ತೀಯಲ್ಲ, ಕಲ್ಲು ಒಡೆದು ಹೊಟ್ಟೆ ಹೊರೆಯುವವನಿಗೆ ಏನು ಹೇಳುತ್ತೀ?" ಎಂದರು. ಪ್ರಶ್ನೆಯು ನ್ಯಾಯವಾದುದೇ. ಕೂಲಿಯವನ ಅನ್ನವನ್ನು ಕಸಿದು ಗೂಳಿಯ ಚಿತ್ರವನ್ನು ಉಳಿಸೆಂದು ಯಾರೂ ಹೇಳಲಾರರು. ಆದರೆ ಎಲ್ಲ ಗುಡ್ಡಗಳಲ್ಲಿಯೂ ಚಿತ್ರಗಳಿಲ್ಲ. ಇರುವ ಗುಡ್ಡಕ್ಕೆ ಎಲ್ಲೆ ಹಾಕಿ, ಇಲ್ಲದ ಕಡೆ ಕಲ್ಲು ತೆಗೆಯುವುದು ಅಸಾಧ್ಯವಲ್ಲ. ಒಡೆದ ಬಂಡೆಯು ಒಂದೇ ಬಾರಿ ಕೂಲಿ ಕೊಡುವುದು. ಉಳಿದ ಬಂಡೆಯನ್ನು ನೋಡಲು ಜನರು ಬರತೊಡಗಿದರೆ ದಾರಿ ತೋರುವವನಿಗೂ, ಕಾವಲುಗಾರನಿಗೂ, ಒಗ್ಗರಣೆ ಮಿರ್ಚಿ ಮಾರುವವಳಿಗೂ ವರ್ಷ ವರ್ಷವೂ ಕೊಡುವುದು. ಅಮೆರಿಕಾದ ಆ ಹಳೆಯ ಹೆದ್ದಾರಿಯ ಊರುಗಳು ಕಂಡುಕೊಂಡುದೂ ಇದನ್ನೇ. ಅಕ್ಕನವರು, "ಹಾಗಾದರೆ ಮೊದಲು ನೀವು ಗಾಡಿ ನಿಲ್ಲಿಸಿ ನೋಡಿರಿ, ಆಮೇಲೆ ಊರಿಗೆ ಬುದ್ಧಿ ಹೇಳಿರಿ" ಎಂದರು.

ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾವು ಕೇಳಿಲ್ಲ. ಬಳ್ಳಾರಿಯಲ್ಲಿ ವಿದ್ವಾಂಸರಾದ ರವಿ ಕೋರಿಶೆಟ್ಟರ ಪರಿಶ್ರಮದಿಂದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಪ್ರಾಕ್ತನ ವಸ್ತುಸಂಗ್ರಹಾಲಯವು ಏರ್ಪಟ್ಟಿದೆ. ಮಕ್ಕಳಿಗೆ ಮೊದಲು ಅಲ್ಲಿಯ ಕಲ್ಲುಕೊಡಲಿಯನ್ನು ತೋರಿಸಿ, ಅನಂತರ ಅದು ಸಿಕ್ಕಿದ ಗುಡ್ಡವನ್ನು ತೋರಿಸಬೇಕು. ಬಂಡೆಯ ಮೇಲೆ ಹೆಸರು ಗೀಚಬಾರದು, ಚೂರುಕಲ್ಲನ್ನು ಜೇಬಿಗೆ ಹಾಕಬಾರದು, ನಾದದ ಕಲ್ಲನ್ನು ಚಪಲಕ್ಕೆ ಬಡಿಯಬಾರದು ಎಂದು ತಾಯ್ತಂದೆಗಳೇ ಕಲಿಸಬೇಕು. ನಿಟ್ಟೂರಿನಲ್ಲಿ ನಿಂತಾಗ, ತಾಯ್ತಂದೆಗಳ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ಸತ್ಯವನ್ನಾಡು ಎಂಬುದೇ ಆ ಬರಹದ ಸಾರವೆಂದು ಹೇಳಿದರೆ ಅವರಿಗೆ ಅದು ಹಳೆಯದೆಂದು ತೋರದು.

ಸರಕಾರದ ಫಲಕವು ಕಲ್ಲನ್ನು ಸ್ವಲ್ಪ ಕಾಲ ಕಾಯಬಹುದು. ಅದರ ಕಥೆಯನ್ನು ಬಲ್ಲ ನಾಲ್ಕು ಮನೆಗಳು ಸುತ್ತಲಿದ್ದರೆ ಅದು ಬಹುಕಾಲ ಬಾಳುವುದು. ಸಿರುಗುಪ್ಪದ ಊಟಕ್ಕೆ ಅರ್ಧ ಗಳಿಗೆ ತಡವಾದರೆ ನೆಂಟರು ಮುನಿಯಲಾರರು.